ಎಲ್ಲಿ ಬಿಸಿಯಾಯಿತು ಎಂದು ಕೇಳಿದವರು

ಸಮುದ್ರದಲ್ಲಿ ಬಲೆಗೆ ಬಿದ್ದ ಮೀನು ಊಟದ ತಟ್ಟೆಗೆ ಬರುವಷ್ಟರಲ್ಲಿ ಎಷ್ಟು ಕೈ ದಾಟಿರುತ್ತದೆ ಎಂಬುದನ್ನು ಉಣ್ಣುವವರು ಯೋಚಿಸುವುದಿಲ್ಲ, ಯೋಚಿಸಬೇಕಾಗಿಯೂ ಇಲ್ಲ. ಅವರ ಪರವಾಗಿ ಯೋಚಿಸಲು ಯಾರಾದರೂ ಇದ್ದರಾಯಿತು. ಮೀನಿನ ಗುಣಮಟ್ಟ ಪರೀಕ್ಷೆಯ ಕ್ಷೇತ್ರದಲ್ಲಿ ಯಂತ್ರಗಳನ್ನು ಬಲ್ಲವರು ಹಲವರಿದ್ದಾರೆ, ನಿಯಮಗಳನ್ನು ಬಾಯಿಪಾಠ ಮಾಡಿದವರು ಇನ್ನೂ ಹಲವರಿದ್ದಾರೆ. ಆದರೆ ದೋಣಿಯಿಂದ ಹಿಡಿದು ಒಲೆಯವರೆಗಿನ ಅಷ್ಟೂ ಜನರನ್ನು ಒಂದೇ ಮನೆಯವರೆಂದು ಕಂಡು, ಆ ಮನೆಯಲ್ಲಿ ಒಬ್ಬರಿಗೊಬ್ಬರು ಸುಳ್ಳು ಹೇಳುವ ಪ್ರಮೇಯವೇ ಬಾರದಂತೆ ನೋಡಿಕೊಂಡವರು ವಿರಳ. ಅಂಥ ವಿರಳರಲ್ಲಿ ಒಬ್ಬರು, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಪ್ರಯೋಗಾಲಯದ ಹಿರಿಯ ಪರೀಕ್ಷಾಧಿಕಾರಿಗಳು. ಬಾಗಿಲ ಫಲಕದ ಮೇಲೆ ಅವರ ಹೆಸರು ಪದವಿಗಳ ಸಮೇತ ಇದೆಯಾದರೂ, ಬಂದರಿನಲ್ಲಿ ಆ ಹೆಸರು ಹೇಳಿ ಕೇಳಿದರೆ ಯಾರೂ ದಾರಿ ತೋರಿಸುವುದಿಲ್ಲ. "ಐಸಕ್ಕ ಎಲ್ಲಿ?" ಎಂದು ಕೇಳಿದರೆ ಹತ್ತು ಕೈಗಳು ಒಟ್ಟಿಗೆ ಏಳುತ್ತವೆ.

ಈ ಹೆಸರು ಬಂದದ್ದು ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ. ಆಗ ದೋಣಿಯವರಲ್ಲಿ ಒಂದು ರೂಢಿಯಿತ್ತು. ಪೆಟ್ಟಿಗೆಯ ತುಂಬ ಮೀನು ಸುರಿದು, ಮೇಲೆ ಮಾತ್ರ ಐಸ್ ಹರಡಿ ದಡಕ್ಕೆ ತರುತ್ತಿದ್ದರು. ನೋಡಿದವರಿಗೆ ಪೆಟ್ಟಿಗೆ ಬೆಳ್ಳಗೆ ಹೊಳೆಯುತ್ತಿತ್ತು; ಒಳಗಿನ ಮೀನು ಬೆಚ್ಚಗೆ ಮಲಗಿರುತ್ತಿತ್ತು. ಹಳೆಯ ಅಧಿಕಾರಿಗಳು ಮೇಲಿನ ಎರಡು ಮೀನು ಎತ್ತಿ ನೋಡಿ ಮುಂದೆ ಹೋಗುತ್ತಿದ್ದರು. ಈ ಹುಡುಗಿ ಮಾತ್ರ ರವಿಕೆಯ ತೋಳು ಮೇಲಕ್ಕೆ ಸರಿಸಿ, ಮೊಣಕೈವರೆಗೆ ಕೈ ಇಳಿಸಿ, ಪೆಟ್ಟಿಗೆಯ ತಳ ಮುಟ್ಟಿ ನೋಡುತ್ತಿದ್ದಳು. ಮಗುವಿನ ಜ್ವರ ನೋಡುವವರು ಅಂಗಿಯ ಮೇಲೆ ಕೈ ಇಡುತ್ತಾರೆಯೇ? ಕಂಕುಳಲ್ಲೇ ಇಡಬೇಕು.

ಆ ಕಾಲಕ್ಕೆ ಬಂದರಿನಲ್ಲಿ ಎಲ್ಲರೂ ಮೀಸೆ ಮಾವ ಎಂದು ಕರೆಯುತ್ತಿದ್ದ ಹಿರಿಯ ದೋಣಿ ಚಾಲಕರೊಬ್ಬರಿದ್ದರು. ಮಾತಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಹುಡುಗಿ ಮೊದಲ ಸಲ ಅವರ ಪೆಟ್ಟಿಗೆಗೆ ಕೈ ಇಳಿಸಿದಾಗ ಸುತ್ತ ನಿಂತವರಿಗೆಲ್ಲ ಕೇಳುವಂತೆ ಕೇಳಿದರು:

"ಏನಮ್ಮ, ಪೆಟ್ಟಿಗೇಲಿ ಬಳೆ ಬಿದ್ದುಹೋಯ್ತಾ?"

"ಬಳೆ ಅಲ್ಲ ಮಾವ. ನಿಮ್ಮ ಐಸು ಬಿದ್ದುಹೋಗಿದೆ, ಹುಡುಕ್ತಿದೀನಿ."

ದಡವೆಲ್ಲ ಗೊಳ್ಳೆಂದು ನಕ್ಕಿತು. ಮೀಸೆ ಮಾವ ಮಾತ್ರ ನಗಲಿಲ್ಲ. ಮೀಸೆ ಸವರಿಕೊಂಡು ಅವಳ ಕೈಯನ್ನೇ ನೋಡಿದರು: ಚಳಿಗೆ ಕೆಂಪಾಗಿ, ಬೆರಳ ಸಂದುಗಳು ಬಿರಿದು, ಮೀನಿನ ಮುಳ್ಳು ತಾಗಿ ಗೀರುಬಿದ್ದಿತ್ತು. ಮರುದಿನ ಅವರ ಪೆಟ್ಟಿಗೆಯಲ್ಲಿ ತಳಕ್ಕೂ ಐಸ್, ನಡುವೆಯೂ ಐಸ್, ಮೇಲೆಯೂ ಐಸ್ ಇತ್ತು. ಪೆಟ್ಟಿಗೆಯ ಮೂಲೆಯಲ್ಲಿ ಅವರ ಹೆಂಡತಿ ಕಳಿಸಿದ ಎಣ್ಣೆಯ ಪುಟ್ಟ ಸೀಸೆಯೂ ಇತ್ತು, ಕೈಗೆ ಹಚ್ಚಿಕೊಳ್ಳಲೆಂದು. "ಇವಳ ಕೈ ಒಡೆಯೋದಕ್ಕಿಂತ ಐಸ್ ಒಡೆಯೋದೇ ವಾಸಿ ಕಣ್ರೋ" ಎಂದು ಮಾವ ಉಳಿದವರಿಗೆ ಹೇಳಿದರಂತೆ. ಗದರಿಸಿ ಮಾಡಿಸಲಾಗದ್ದು ಹೀಗೆ ಸುಲಭವಾಗಿ ಆಗಿಹೋಯಿತು. ಅಂದಿನಿಂದ ಅವರು ಐಸಕ್ಕ.

ಬಡ್ತಿಗಳು ಬಂದವು, ಬೇರೆ ಕುರ್ಚಿಗಳು ಬಂದವು. ಐಸಕ್ಕ ಮಾತ್ರ ಒಂದು ಅಭ್ಯಾಸವನ್ನು ಬಿಡಲಿಲ್ಲ. ವಾರಕ್ಕೊಮ್ಮೆ ಯಾವುದಾದರೂ ಮೀನಿನ ಲಾರಿ ಹೋಗುವ ಕೊನೆಯ ಜಾಗಕ್ಕೆ ತಾವೂ ಹೋಗಿ ನಿಲ್ಲುತ್ತಿದ್ದರು. ಶಾಲೆಯ ಊಟದ ಮನೆ, ಕಾರ್ಖಾನೆಯ ಕ್ಯಾಂಟೀನು, ವೃದ್ಧರ ವಸತಿಗೃಹ, ಹೀಗೆ. ಹೊಸದಾಗಿ ಸೇರಿದವರ ಕೈಗೂ ಮೊದಲ ದಿನ ಥರ್ಮಾಮೀಟರ್ ಕೊಡದೆ ಅಲ್ಲಿಗೇ ಕಳಿಸುತ್ತಿದ್ದರು. "ಮೊದಲು ತಿನ್ನೋರ ಮುಖ ನೋಡ್ಕೊಂಡು ಬನ್ನಿ. ಆಮೇಲೆ ಮೀನಿನ ಮುಖ ನೋಡೋಣ" ಎನ್ನುವುದು ಅವರ ಮಾತು.

ಎರಡನೆಯ ಅಭ್ಯಾಸ, ತಪ್ಪು ಕಂಡಾಗ ಅವರು ಕೇಳುತ್ತಿದ್ದ ಪ್ರಶ್ನೆ. ಕೆಟ್ಟ ಪೆಟ್ಟಿಗೆ ಸಿಕ್ಕ ಕೂಡಲೇ ಎಲ್ಲರ ಬಾಯಲ್ಲೂ ಬರುವುದು "ಯಾರ ತಪ್ಪು?" ಎಂಬುದೇ. ಆ ಪ್ರಶ್ನೆಗೆ ಜನ ಬೆರಳು ತೋರಿಸುತ್ತಾರೆಯೇ ಹೊರತು ಬಾಯಿ ಬಿಡುವುದಿಲ್ಲ. ದೋಣಿಯವರು ಲಾರಿಯವರ ಕಡೆ, ಲಾರಿಯವರು ಶೀತಗೃಹದ ಕಡೆ, ಶೀತಗೃಹದವರು ಮತ್ತೆ ದೋಣಿಯ ಕಡೆ. ಐಸಕ್ಕ ಕೇಳುತ್ತಿದ್ದುದು ಒಂದೇ: "ಎಲ್ಲಿ ಬಿಸಿಯಾಯ್ತು?" ಅದಕ್ಕೆ ಉತ್ತರವಾಗಿ ಒಂದು ಜಾಗ ಹೇಳಿದರೆ ಸಾಕು, ಮನುಷ್ಯನನ್ನು ಹೇಳಬೇಕಿಲ್ಲ. ಜಾಗ ಗೊತ್ತಾದರೆ ಸರಿಪಡಿಸಬಹುದು. ಮತ್ತು ಅವರು ಲಾರಿಯವರಿಗೆಲ್ಲ ಮಾತು ಕೊಟ್ಟಿದ್ದರು: ನಿಜ ಹೇಳಿದವನ ಅನ್ನಕ್ಕೆ ನಾನಿರುವತನಕ ಕಲ್ಲು ಬೀಳುವುದಿಲ್ಲ ಎಂದು.

ಈ ಮಾತಿನ ಸತ್ವಪರೀಕ್ಷೆ ನಡೆದದ್ದು ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ.

ಅಂದು ಬೆಳಿಗ್ಗೆ ಐಸಕ್ಕ ಅಲ್ಲಿಗೆ ತಲುಪಿದಾಗ ಬಂಗುಡೆಯ ಪೆಟ್ಟಿಗೆಗಳು ಆಗಷ್ಟೇ ಲಾರಿಯಿಂದ ಇಳಿಯುತ್ತಿದ್ದವು. ತಂದವನು ಹಾರನ್ ಎಂದೇ ಎಲ್ಲರೂ ಕರೆಯುವ ಚಾಲಕ. ಲಾರಿಯ ಹಾರನ್ ನಿಂತರೂ ಅವನ ಬಾಯಿ ನಿಲ್ಲದೆಂದು ಬಂದ ಹೆಸರು. ಆ ದಿನ ಅವನು ತುಟಿ ಪಿಟಕ್ಕೆನ್ನದೆ ಪೆಟ್ಟಿಗೆ ಹೊರುತ್ತಿದ್ದ. ಲಾರಿಯ ಒಳಗಿನ ತಾಪಮಾನ ಸರಿಯಾಗಿತ್ತು. ಮೀನಿನ ಕಣ್ಣು ನಿರ್ಮಲ, ಕಿವಿರು ಕೆಂಪು, ವಾಸನೆಯೂ ಸಮುದ್ರದ್ದೇ. ಐಸಕ್ಕ ಎಂದಿನಂತೆ ತೋಳು ಸರಿಸಿ ಕೈ ಇಳಿಸಲು ಹೋದರು. ಕೈ ಇಳಿಯಲಿಲ್ಲ.

ಪುಡಿ ಐಸ್ ಉಪ್ಪಿನ ಹಾಗೆ ಬಿಡಿಬಿಡಿಯಾಗಿರಬೇಕು. ಇದು ಒಂದೇ ಹಲಗೆಯಾಗಿ ಕೂತಿತ್ತು. ಐಸ್ ಒಮ್ಮೆ ಕರಗಿ ನೀರಾಗಿ, ಆ ನೀರು ಮತ್ತೆ ಹೆಪ್ಪುಗಟ್ಟಿದರೆ ಮಾತ್ರ ಹಾಗಾಗುತ್ತದೆ. ದಾರಿಯಲ್ಲಿ ಎಲ್ಲೋ ಈ ಮೀನು ಬಿಸಿಯಾಗಿತ್ತು. ಆಮೇಲೆ ಯಾರೋ ಗಾಬರಿಯಿಂದ ಅತಿಯಾಗಿ ತಣ್ಣಗೆ ಮಾಡಿದ್ದರು. ಬಂಗುಡೆಯಂಥ ಮೀನು ಹೆಚ್ಚು ಹೊತ್ತು ಬಿಸಿಯಲ್ಲಿದ್ದರೆ ಒಳಗೆ ಒಂದು ಬಗೆಯ ನಂಜು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮತ್ತೆ ಐಸಿನಲ್ಲಿಟ್ಟರೂ ಅದು ಹೋಗದು, ಎಷ್ಟು ಕುದಿಸಿದರೂ ಹೋಗದು. ಗಟ್ಟಿ ಆಳಿಗೇ ಮೈ ಕೆಂಪೇರಿ, ತಲೆ ಸಿಡಿದು, ವಾಂತಿಯಾಗುತ್ತದೆ. ಇಲ್ಲಿ ಉಣ್ಣಬೇಕಾದವರು ಕಾಯಿಲೆಯ ಮಕ್ಕಳು.

ಮಾದರಿ ಕಳಿಸಿದರೂ ಪ್ರಯೋಗಾಲಯದ ಉತ್ತರ ಬರಲು ಮರುದಿನವಾಗುತ್ತದೆ. ಒಲೆಗಳು ಆಗಲೇ ಉರಿಯುತ್ತಿದ್ದವು.

"ಅಕ್ಕಾ, ನೀರು ಕುದೀತಾ ಇದೆ. ಇನ್ನು ಸ್ವಲ್ಪ ಹೊತ್ತಿಗೆ ವಾರ್ಡಿನ ಮಕ್ಕಳು ತಟ್ಟೆ ಬಡಿಯೋಕೆ ಶುರು ಮಾಡ್ತಾವೆ" ಎಂದರು ಮುಖ್ಯ ಅಡುಗೆಯವರು, ಸೌಟು ಹಿಡಿದುಕೊಂಡೇ. "ಮೀನು ನೋಡಿದ್ರೆ ಮದುಮಗನ ಹಾಗಿದೆ. ಇದರಲ್ಲೇನು ಹುಳುಕು ಹುಡುಕ್ತೀರಿ?"

"ಬಡೀಲಿ ಬಿಡಿ ಅಣ್ಣ. ತಟ್ಟೆ ಬಡಿಯೋ ಶಕ್ತಿ ಇರೋ ಮಕ್ಕಳು ಸ್ವಲ್ಪ ಕಾದ್ರೆ ಏನೂ ಆಗಲ್ಲ."

ಐಸಕ್ಕ ಹಾರನ್ ಕಡೆ ತಿರುಗಿ ಕೇಳಿದರು: "ಎಲ್ಲಿ ಬಿಸಿಯಾಯ್ತಪ್ಪ?"

"ಎಲ್ಲೂ ಇಲ್ಲಕ್ಕ. ಮೀಟರ್ ನೋಡಿ ಬೇಕಾದ್ರೆ. ನಾನೇನು ಸುಳ್ಳು ಹೇಳ್ತೀನಾ?" ಕೇಳದ ಪ್ರಶ್ನೆಗೂ ಉತ್ತರ ಬಂದಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದು ಹೀಗೆಯೇ.

ಐಸಕ್ಕ ದನಿ ಏರಿಸಲಿಲ್ಲ. ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕುಳಿತರು, ಅವನಿಗೂ ಒಂದು ತೋರಿಸಿದರು. ಅಡುಗೆಯವರಿಂದ ಎರಡು ಲೋಟ ಚಹಾ ಕೇಳಿ ಪಡೆದರು. ಹಾರನ್ನನ ಹೆಂಡತಿ ಹೆತ್ತು ಇನ್ನೂ ತಿಂಗಳು ತುಂಬಿರಲಿಲ್ಲ. ಮಗುವಿಗೆಂದು ತಮ್ಮ ಮನೆಯ ಹಳೆಯ ಹತ್ತಿ ಸೀರೆಯನ್ನು ಮೆತ್ತಗೆ ಒಗೆದು, ತುಂಡು ಮಾಡಿ ಅಂಚು ಹೊಲಿದು ಕೊಟ್ಟವರು ಅವರೇ.

"ಮಗು ಈಗಲಾದ್ರೂ ನಿದ್ದೆ ಮಾಡುತ್ತಾ?"

ಹಾರನ್ ಲೋಟದೊಳಗೆ ನೋಡುತ್ತ ಕುಳಿತ. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಮನೆಯಲ್ಲಿ ಬಾಣಂತಿ. ಹೇಳದಿದ್ದರೆ ಎದುರಿಗೆ ಕುದಿಯುವ ನೀರು, ಗೋಡೆಯಾಚೆ ಮಕ್ಕಳ ಸದ್ದು.

"ನಿನ್ನೆ ಮಾಡ್ತಕ್ಕ" ಎಂದ ಕೊನೆಗೆ. "ನಿನ್ನೆ ಚೆನ್ನಾಗಿ ಮಾಡ್ತು. ಮನೆ ದಾರೀಲೇ ಅಲ್ವಾ, ಮುಖ ನೋಡ್ಕೊಂಡು ಹೋಗೋಣ ಅಂತ ನಿಲ್ಲಿಸಿದೆ. ಲಾರಿ ಕೂಲಿಂಗ್ ಮಿಷನ್ ಸದ್ದಿಗೆ ಮಗು ಬೆಚ್ಚಿ ಬೆಚ್ಚಿ ಅಳ್ತಿತ್ತು. ಅಳೋದೊಂದು, ಕೂಗೋದೊಂದು, ಎರಡು ಮಿಷನ್ ಆಯ್ತಲ್ರೀ, ಒಂದನ್ನಾದ್ರೂ ಆರಿಸಿ ಅಂದ್ಲು ಇವಳು. ಆರಿಸಿದೆ. ತಕ್ಷಣ ಮಲಗಿಬಿಡ್ತು. ಅದು ಮಲಗಿದ್ದನ್ನ ನೋಡ್ತಾ ಗೋಡೆಗೆ ಒರಗಿದ್ದೊಂದೇ ಗೊತ್ತು. ಕಣ್ಣು ಬಿಟ್ಟಾಗ ಬಿಸಿಲು ಲಾರಿ ಮೇಲಿಂದ ಇಳಿದುಹೋಗಿತ್ತು." ಲೋಟ ಕೆಳಗಿಟ್ಟ. "ಆಮೇಲೆ ಫುಲ್ ಕೂಲಿಂಗ್ ಇಟ್ಟೆ ಅಕ್ಕ. ಸರಿಹೋಗುತ್ತೆ ಅಂದ್ಕೊಂಡೆ."

ಐಸಕ್ಕ ಎದ್ದು ಹೋಗಿ ಮೀನಿನ ಒಲೆಯನ್ನು ತಮ್ಮ ಕೈಯಿಂದಲೇ ಆರಿಸಿದರು. ಬಂದು ಅವನ ಭುಜದ ಮೇಲೆ ಕೈ ಇಟ್ಟು, "ಹೇಳಿದೆಯಲ್ಲ, ಸಾಕು. ಈಗ ಎಲ್ಲಾ ಪೆಟ್ಟಿಗೆ ವಾಪಸ್ ಲಾರಿಗೆ ಹಾಕು. ಒಂದೂ ಉಳೀಬಾರದು" ಎಂದರು. ಅಡುಗೆಯವರು ತಲೆ ಮೇಲೆ ಕೈ ಹೊತ್ತರು. "ಮಕ್ಕಳಿಗೇನು ನಿಮ್ಮ ಉಪದೇಶ ಬಡಿಸಲಾ?" ಎಂದು ಕೇಳಿದರು. ಉಗ್ರಾಣದಲ್ಲಿ ಮೊಟ್ಟೆಗಳಿದ್ದವು. ಬೇಯಿಸಿದ ಮೊಟ್ಟೆಗಳ ದೊಡ್ಡ ಪಾತ್ರೆಯ ಒಂದು ಬದಿಗೆ ಪರೀಕ್ಷಾಧಿಕಾರಿ, ಇನ್ನೊಂದು ಬದಿಗೆ ಲಾರಿ ಚಾಲಕ ಕುಳಿತು ಸಿಪ್ಪೆ ಸುಲಿದರು. ಹಾರನ್ ಸುಲಿದ ಮೊಟ್ಟೆಗಳೆಲ್ಲ ಸಿಡುಬು ಬಂದವರ ಕೆನ್ನೆಯ ಹಾಗಿದ್ದವೆಂದು ಐಸಕ್ಕ ಇಂದಿಗೂ ನಗುತ್ತಾರೆ.

ಮರುದಿನ ಪ್ರಯೋಗಾಲಯದ ಉತ್ತರ ಬಂತು. ಲಾರಿಯ ಬಾಗಿಲ ಬಳಿ ಜೋಡಿಸಿದ್ದ ಪೆಟ್ಟಿಗೆಗಳ ಮೀನಿನಲ್ಲಿ ನಂಜು ಹುಟ್ಟಿತ್ತು.

ಲಾರಿ ಶೀತಗೃಹದ ಯಜಮಾನರದು. ಅವರು ಹಾರನ್ನನನ್ನು ಅಂದೇ ಕೆಲಸದಿಂದ ತೆಗೆಯುವುದೆಂದು ನಿಶ್ಚಯಿಸಿದ್ದರು. ಅವರ ಸಿಟ್ಟೂ ನ್ಯಾಯವಾದದ್ದೇ. ಐಸಕ್ಕ ಅವರ ಮುಂದೆ ಕುಳಿತು ಹೇಳಿದ್ದಿಷ್ಟು: "ಇವನನ್ನ ಕಳಿಸಿದ್ರೆ ನಿಮಗೆ ಇನ್ನೊಬ್ಬ ಚಾಲಕ ಸಿಗ್ತಾನೆ ಯಜಮಾನ್ರೇ. ಆದ್ರೆ ಅವನು ಬಾಯಿ ಬಿಡಲ್ಲ. ಬಾಯಿ ಬಿಡೋ ಚಾಲಕ ಬೇಕಾ, ಬಿಡದೇ ಇರೋನು ಬೇಕಾ?" ಯಜಮಾನರು ಬಹಳ ಹೊತ್ತು ಮೇಜಿನ ಗಾಜು ಒರೆಸಿದರು. ಹಾರನ್ ಉಳಿದ.

ಅಲ್ಲಿಗೇ ಕೈತೊಳೆದುಕೊಂಡಿದ್ದರೆ ಅವರು ಐಸಕ್ಕ ಆಗುತ್ತಿರಲಿಲ್ಲ. ಬಿಸಿಯಾದದ್ದು ಎಲ್ಲಿ? ಒಂದು ಮನೆಯ ಬಾಗಿಲಲ್ಲಿ. ಹಾಗಾದರೆ ಸರಿಪಡಿಸಬೇಕಾದ ಜಾಗವೂ ಅದೇ. ಆ ಮನೆಗೆ ಹತ್ತಿರ, ದಾರಿಯ ಮಗ್ಗುಲಲ್ಲೇ ಇದ್ದ ಶೀತಗೃಹದ ಇನ್ನೊಂದು ಶಾಖೆಯ ಹಿತ್ತಲಲ್ಲಿ ಲಾರಿ ನಿಲ್ಲಿಸಲು ನೆರಳಿನ ಚಪ್ಪರ ಹಾಕಿಸಿದರು, ಗೋಡೆಯಲ್ಲಿ ವಿದ್ಯುತ್ ಪ್ಲಗ್ ಕೂಡಿಸಿದರು. ಅಲ್ಲಿ ತಂತಿ ಸಿಕ್ಕಿಸಿದರೆ ಲಾರಿಯ ಎಂಜಿನ್ ಗಲಾಟೆಯಿಲ್ಲದೆ ಮೀನು ತಣ್ಣಗಿರುತ್ತದೆ. ಪಕ್ಕದಲ್ಲೊಂದು ಕೋಣೆ, ಮಂಚ, ನೀರು. ಚಾಲಕರ ಮನೆಯವರು ಅಲ್ಲಿಗೇ ಬಂದು ಮಾತಾಡಿಸಿಕೊಂಡು ಹೋಗಬಹುದು. ಇಂಥ ನಿಲ್ದಾಣಗಳು ಈಗ ಆ ದಾರಿಯುದ್ದಕ್ಕೂ ಇವೆ. ಕಾಗದಪತ್ರಗಳಲ್ಲಿ ಅವಕ್ಕೆ ಉದ್ದದ ಹೆಸರಿದೆ. ಚಾಲಕರು ಕರೆಯುವುದು 'ತೊಟ್ಟಿಲು' ಎಂದು. "ತೊಟ್ಟಿಲಲ್ಲಿ ನಿಂತು ಬರ್ತೀನಿ" ಎಂದು ಯಾರಾದರೂ ಫೋನಿನಲ್ಲಿ ಹೇಳುವುದನ್ನು ಕೇಳಿದರೆ ಹೊಸಬರು ಕಕ್ಕಾಬಿಕ್ಕಿಯಾಗುತ್ತಾರೆ.

ಪ್ರಯೋಗಾಲಯದೊಳಗೂ ಅವರ ರೀತಿ ಇದೇ. ಹೆರಿಗೆ ರಜೆ ಮುಗಿಸಿ ಬಂದ ಸಹೋದ್ಯೋಗಿಯೊಬ್ಬಳು ಒಂದೇ ಮಾದರಿಯನ್ನು ಎರಡು ಸಲ ಪರೀಕ್ಷಿಸಿ, ಇನ್ನೊಂದನ್ನು ಮರೆತಿದ್ದಳು. ಐಸಕ್ಕ ಬೈಯಲಿಲ್ಲ. "ನಿನಗೆ ಎಲ್ಲಿ ಬಿಸಿಯಾಯ್ತೇ?" ಎಂದರು. ಅವಳು ಅತ್ತುಬಿಟ್ಟಳು. ಮರುವಾರದಿಂದ ಅವಳ ಕೆಲಸದ ಹೊತ್ತು ಮಗುವಿನ ಹೊತ್ತಿಗೆ ಹೊಂದಿಕೊಂಡಿತು. ಅವಳು ಆಮೇಲೆ ಮಾದರಿ ಮರೆತಿಲ್ಲ.

ಇಷ್ಟೆಲ್ಲ ತಾಳ್ಮೆಯ ಐಸಕ್ಕನವರನ್ನು ಊಟಕ್ಕೆ ಕರೆಯುವುದೆಂದರೆ ಮಾತ್ರ ನೆಂಟರಿಗೆ ನಡುಕ. ಯಾರ ಮನೆಯ ಸಮಾರಂಭವಾದರೂ ಮೀನಿನ ಅಡುಗೆಯಿದ್ದರೆ ಅವರು ಮೊದಲು ಹೋಗುವುದು ಅಡುಗೆಮನೆಗೆ. ಎಲ್ಲಿಂದ ತಂದಿರಿ, ಯಾವಾಗ ತಂದಿರಿ, ಹೇಗೆ ಇಟ್ಟಿರಿ ಎಂದು ಕೇಳಿ, ಮುಟ್ಟಿ ನೋಡಿಯೇ ಎಲೆಯ ಮುಂದೆ ಕೂರುವುದು. "ಅತ್ತಿಗೆ ಊಟಕ್ಕೆ ಬರೋದಲ್ಲ, ದಾಳಿಗೆ ಬರೋದು" ಎಂದು ಅವರ ನಾದಿನಿ ಊರೆಲ್ಲ ಹೇಳಿಕೊಂಡು ತಿರುಗಿದ್ದಾರೆ.

ಕಳೆದ ವಾರ ಬಂದರಿನವರು, ಲಾರಿಯವರು, ಶೀತಗೃಹದವರು ಸೇರಿ ಐಸಕ್ಕನವರಿಗೆ ಒಂದು ಊಟ ಏರ್ಪಡಿಸಿದ್ದರು. ಮೀನು ಹಿಡಿದದ್ದು ಮೀಸೆ ಮಾವನ ಮಗನ ದೋಣಿ. ಮಾವ ಈಗಿಲ್ಲ, ಅವರ ಮೀಸೆ ಮಗನ ಮುಖಕ್ಕೆ ಬಂದಿದೆ. ತಂದದ್ದು ತಲೆ ನರೆತರೂ ಬಾಯಿ ನಿಲ್ಲದ ಹಾರನ್. ಬೇಯಿಸಿದ್ದು ಆಸ್ಪತ್ರೆಯ ಅದೇ ಅಡುಗೆಯವರು. ಮೂವರೂ ಅಡುಗೆಮನೆಯ ಬಾಗಿಲಲ್ಲಿ ಪರೀಕ್ಷೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದರು. ಹಾರನ್ ಅಂತೂ ಮೂರು ಸಲ ಅಂಗಿ ಸರಿಮಾಡಿಕೊಂಡ.

ಐಸಕ್ಕ ಬಂದರು. ಎಲ್ಲರ ಯೋಗಕ್ಷೇಮ ಕೇಳಿದರು. ಆಮೇಲೆ ಆ ಮೂವರನ್ನು ದಾಟಿ, ನೇರವಾಗಿ ಊಟದ ಸಾಲಿಗೆ ಹೋಗಿ ಕುಳಿತುಬಿಟ್ಟರು.

ನಾದಿನಿ ಗಾಬರಿಯಾಗಿ ಓಡಿಬಂದರು. "ಅತ್ತಿಗೆ, ಅಡುಗೆಮನೆ ಆ ಕಡೆ!"

"ಗೊತ್ತು ಕಣೆ. ಬಡಿಸು."

ಅವರು ತುತ್ತು ಬಾಯಿಗಿಡುವವರೆಗೆ ಸಭಾಂಗಣದಲ್ಲಿ ಯಾರೂ ತಮ್ಮ ಎಲೆ ಮುಟ್ಟಲಿಲ್ಲ. ಉಂಡು, "ಇನ್ನೊಂದು ತುಂಡು ಹಾಕು" ಎಂದಾಗ ಹಾರನ್ ಬಾಗಿಲ ಹಿಂದೆ ಹೋಗಿ ಕಣ್ಣೊರೆಸಿಕೊಂಡ. ಒಬ್ಬ ಪರೀಕ್ಷಾಧಿಕಾರಿ ತಮ್ಮ ಜನರಿಗೆ ಕೊಡಬಹುದಾದ ಪ್ರಮಾಣಪತ್ರಗಳಲ್ಲಿ ಇದಕ್ಕಿಂತ ದೊಡ್ಡದು ಇರಲಾರದು.

ನಿವೃತ್ತಿಯ ನಂತರವೂ ವಾರಕ್ಕೊಂದು ದಿನ ತೊಟ್ಟಿಲಿಗೆ ಬಂದು ಹೊಸ ಚಾಲಕರೊಡನೆ ಕೂರುವುದಾಗಿ ಐಸಕ್ಕ ಒಪ್ಪಿಕೊಂಡಿದ್ದಾರೆ. ಅದು ನಮ್ಮ ಭಾಗ್ಯ. ನಮ್ಮೆಲ್ಲರ ಊಟದ ಸಲುವಾಗಿ ಇಷ್ಟು ವರ್ಷ ಐಸಿನಲ್ಲಿ ಅದ್ದಿದ ಆ ಕೈಗಳಿಗೆ ಇನ್ನು ಬಹುಕಾಲ ಬೆಚ್ಚನೆಯ ದಿನಗಳು ದೊರೆಯಲಿ. ಅವರು ಕೂತ ಪ್ರತಿ ಸಾಲಿನಲ್ಲೂ, ಏನನ್ನೂ ಕೇಳದೆ, ಎರಡನೆಯ ತುಂಡನ್ನೂ ಬಡಿಸಿಕೊಂಡು ಉಣ್ಣುವಂತಾಗಲಿ.