ಮುಚ್ಚಿದರಷ್ಟೇ ನೆನಪು

ಗುಂಡ್ಲುಪೇಟೆಯ ಸಣ್ಣ ಪ್ರೆಸ್ಸೊಂದರಲ್ಲಿ ನಾನು ಬಾಗಿಲು ತೆಗೆಯುವ, ಮುಚ್ಚುವ ಕೆಲಸದಲ್ಲಿದ್ದಾಗ, ಅಲ್ಲಿ ಲಗ್ನಪತ್ರಿಕೆ ಟೈಪ್ ಮಾಡುವ ಹೆಂಗಸೊಬ್ಬರಿದ್ದರು. ಮನೆಮಾತು ಉರ್ದು, ಕನ್ನಡದ ಕಾಗುಣಿತ ನನ್ನದಕ್ಕಿಂತ ಚೊಕ್ಕ. ಕಣ್ಣು ಮಾತ್ರ ಮಂಜು. ಬೆಳಿಗ್ಗೆ ಕಂಪ್ಯೂಟರಿಗೆ ಮೂಗು ತಾಗುವಷ್ಟು ಬಾಗಿ, ಪರದೆಯ ಅಕ್ಷರಗಳನ್ನು ದೊಡ್ಡದು ಮಾಡಿ, ಅಲ್ಲಿ ಬೇಕಾದ ಗುಂಡಿಗಳನ್ನೆಲ್ಲ ಮೌಸಿನಿಂದ ಒಂದೆಡೆಗೆ ಎಳೆದುಕೊಳ್ಳುತ್ತಿದ್ದರು. ಸಾಫ್ಟ್‌ವೇರನ್ನು ಕ್ರಮವಾಗಿ ಮುಚ್ಚಿದರೆ ಮಾತ್ರ ಆ ಜೋಡಣೆ ಉಳಿಯುತ್ತಿತ್ತು.

"ಒಂಚೂರು ತಡೀರಿ ಅಣ್ಣ, ಮುಚ್ಚಿದ್ರೇನೇ ಇದಕ್ಕೆ ನೆನಪಿರೋದು," ಎಂದು ದಿನಾ ಸಂಜೆ ಹೇಳುತ್ತಿದ್ದರು. "ಬದಲಾಯಿಸಿದ ತಕ್ಷಣ ಉಳಿಸ್ಕೊಂಡಿದ್ರೆ ಇದರ ಗಂಟೇನು ಹೋಗ್ತಿತ್ತೋ."

"ನನ್ ಬಸ್ಸು ತಡೀತದೇನಮ್ಮಾ?" ಎಂದು, ತೆರಕಣಾಂಬಿ ಬಸ್ಸಿನ ಆತುರದಲ್ಲಿ ಆಕೆ ಮುಚ್ಚುವ ಮೊದಲೇ ನಾನು ಮೇನ್ ಸ್ವಿಚ್ಚು ಆರಿಸಿಬಿಡುತ್ತಿದ್ದೆ. ಮರುದಿನ ಆಕೆ ಮತ್ತೆ ಮೊದಲಿನಿಂದ ಶುರುಮಾಡಬೇಕು.

ಒಂದು ಬೆಳಿಗ್ಗೆ ಮಾಲೀಕರು ಬೇಗ ಬಂದರು. ಗಿರಾಕಿ ಕಾಯುತ್ತಿದ್ದ, ಆಕೆ ಇನ್ನೂ ಗುಂಡಿ ಜೋಡಿಸುತ್ತಿದ್ದರು.

"ದಿನಾ ಇಂಗೇಯೇನಯ್ಯ?" ಎಂದು ಮಾಲೀಕರು ನನ್ನನ್ನು ಕೇಳಿದರು.

ಆಕೆ ಕೈ ನಿಲ್ಲಿಸಿ ನನ್ನತ್ತ ತಿರುಗಿದರು.

"ಊಂ ಸಾ, ದಿನಾ ಇಂಗೇಯ," ಎಂದೆ.

ಅವತ್ತೇ ಆಕೆಯ ಕೆಲಸ ಹೋಯಿತು. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಯಾಕೆಂಬುದನ್ನು ಮಾತ್ರ ನುಂಗಿಕೊಂಡಿದ್ದೆ. ಆಕೆಯಾದರೂ ಹೇಳಬಹುದಿತ್ತು. ಚಪ್ಪಲಿ ಮೆಟ್ಟಿಕೊಂಡು, "ಬರ್ತೀನಿ ಅಣ್ಣ," ಎಂದಷ್ಟೇ ಹೇಳಿ ಹೋದರು.