ಕಲ್ಲು ಕಟ್ಟುವ ಕೆಲಸ

ಹಳೆಯ ಓಲೆಯನ್ನು ಅಂಟುವಾಳದ ನೀರಿನಲ್ಲಿ ನೆನೆಹಾಕಿದಾಗ ಬಿಟ್ಟುಕೊಳ್ಳುವ ಕೊಳೆಯ ವಾಸನೆ ಗೊತ್ತಿಲ್ಲದವರು ಆಭರಣದ ಬಗ್ಗೆ ಅಂದವಾಗಿ ಬರೆಯಬಲ್ಲರು. ನನ್ನಿಂದ ಆಗುವುದಿಲ್ಲ. ಕಿವಿಯ ಎಣ್ಣೆ, ಅರಿಸಿನ, ಬೆವರು, ವರ್ಷಗಟ್ಟಲೆಯ ಧೂಳು ಎಲ್ಲ ಸೇರಿ ಓಲೆಯ ಹಿಂದೆ ಕಪ್ಪಗೆ ಗಟ್ಟಿಯಾಗಿರುತ್ತಿತ್ತು. ಅದನ್ನು ಕೆರೆದು ತೆಗೆಯುವವರ ಮನೆಯಲ್ಲಿ ಹುಟ್ಟಿ ಬಿ.ಎ. ಮುಗಿಸಿದವನು ನಾನು. ನಮ್ಮ ವಂಶದಲ್ಲಿ ಕಾಲೇಜು ಕಂಡವನು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಆ ಪದವಿಯನ್ನು ಪುಕ್ಕಟೆ ಕೊಡಲಿಲ್ಲ.

ನನ್ನ ತಂದೆ ಚಿಂತಾಮಣಿಯಲ್ಲಿ ಕೆಂಪು ಹರಳಿಗೆ ಸಾಣೆ ಹಿಡಿಯುತ್ತಿದ್ದರು. ಬಿಲ್ಲಿನ ಹಾಗಿದ್ದ ಕೋಲನ್ನು ಬಲಗೈಯಲ್ಲಿ ಹಿಂದೆ ಮುಂದೆ ಎಳೆದರೆ ಸಾಣೆಯ ಚಕ್ರ ತಿರುಗುತ್ತಿತ್ತು. ಎಡಗೈಯಲ್ಲಿ ಒಂದು ಕಡ್ಡಿ, ಅದರ ತುದಿಗೆ ಅರಗಿನಲ್ಲಿ ಅಂಟಿಸಿದ ಹರಳು. ಐವತ್ತರ ದಶಕದಲ್ಲಿ, ನಾನು ಇನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದಾಗ, ತಮಿಳು ಸೀಮೆಯಿಂದ ಮೆಷಿನ್ನಿನಲ್ಲಿ ತೇದ ಹರಳುಗಳು ಕಾಗದದ ಪೊಟ್ಟಣಗಳಲ್ಲಿ ಬರತೊಡಗಿದವು. ಎಲ್ಲಕ್ಕೂ ಒಂದೇ ಅಳತೆ, ಒಂದೇ ಹೊಳಪು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಎಲ್ಲ ಕಡೆಯ ಅಂಗಡಿಯವರೂ ಅವನ್ನೇ ಕೊಂಡರು. ನಮ್ಮ ಮನೆಯ ಸಾಣೆ ನಿಂತಿತು. ಅಪ್ಪ ತೇಯುವುದನ್ನು ಬಿಟ್ಟು, ಬೇರೆಯವರು ತೇದ ಹರಳುಗಳನ್ನು ಚಿನ್ನದಲ್ಲಿ ಕೂರಿಸುವುದಕ್ಕೆ ಇಳಿದರು. ದಿಬ್ಬೂರಹಳ್ಳಿ, ಮಂಡಿಕಲ್ ಕಡೆಯ ರೈತರ ಮನೆಗಳಲ್ಲಿ ಮದುವೆಯೆಂದರೆ ಏಳು ಕಲ್ಲಿನ ಓಲೆ ಇರಲೇಬೇಕಾಗಿತ್ತು. ಹಾಗಾಗಿ ಹೊಟ್ಟೆಗೆ ಕಷ್ಟವಾಗಲಿಲ್ಲ. ಈ ಕೆಲಸಕ್ಕೆ ನಮ್ಮ ಮನೆಯಲ್ಲಿ ‘ಕಲ್ಲು ಕಟ್ಟೋದು’ ಅನ್ನುತ್ತಿದ್ದರು.

ನಾನು ಬಿ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಚಿನ್ನದ ಕಾಯಿದೆ ಬಂತು. ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಚಿನ್ನದಲ್ಲಿ ಹೊಸ ಒಡವೆ ಮಾಡಕೂಡದು. ಆ ಮಂಕು ಚಿನ್ನ ನಮ್ಮ ಕಡೆ ಯಾರಿಗೂ ಬೇಡವಾಗಿತ್ತು. ಮಂಡಿಕಲ್ಲಿನ ಒಬ್ಬ ಹೆಂಗಸು ಮಗಳ ಓಲೆಗೆಂದು ಅಕ್ಕಸಾಲಿಗೆ ಕೊಟ್ಟಿದ್ದ ಚಿನ್ನವನ್ನು ವಾಪಸು ಕಟ್ಟಿಕೊಳ್ಳುತ್ತಾ, “ಕಿವಿಗೆ ಹಿತ್ತಾಳೆ ಚೊಂಬು ನೇತಾಕಿದ್ರೂ ಆಯ್ತದೆ ಬಿಡಣ್ಣ” ಎಂದು ಎದ್ದು ಹೋದಳು. ಕಸಬು ಕಳೆದುಕೊಂಡವರಿಗೆ ಸರ್ಕಾರ ಬೇರೆ ಕೆಲಸ ಕೊಡುತ್ತದೆಂಬ ಸುದ್ದಿ ಹಬ್ಬಿತು. ಅರ್ಜಿ ಬರೆಯಲು ನಾನು ಕೂತೆ.

“ಕಸಬು ಏನಂತ ಬರೀಲಪ್ಪ?”

“ಕಲ್ಲು ಕಟ್ಟೋನು ಅಂತ ಬರಿ.”

ಅಮ್ಮ ಒಳಗಿನಿಂದ, “ಅಕ್ಕಸಾಲಿ ಅಂತ ಬರೆಸ್ರೀ, ಎಲ್ರಿಗೂ ಅರ್ಥ ಆಗ್ತದೆ” ಎಂದರು.

“ನಾನ್ಯಾವತ್ತೇ ಚಿನ್ನ ಬಡಿದಿದ್ದೆ? ಸುಳ್ಳು ಹೇಳ್ಸಬೇಡ.”

ನಾನು ಪುಸ್ತಕದ ಕನ್ನಡದಲ್ಲಿ, ‘ಸದರಿ ಅರ್ಜಿದಾರರು ಕಲ್ಲು ಕಟ್ಟುವ ಕೆಲಸದಿಂದ ಜೀವನ ಸಾಗಿಸುತ್ತಿದ್ದು’ ಎಂದು ದುಂಡಗೆ ಬರೆದೆ. ಬರೆದು ಎರಡು ಸಲ ಓದಿ ಖುಷಿಪಟ್ಟೆ.

ಕಚೇರಿ ಯಾವ ಊರಿನದೆಂದು ಹೇಳುವುದಿಲ್ಲ. ಅಲ್ಲಿನ ಗುಮಾಸ್ತರು ಅರ್ಜಿಯನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು, ಅಕ್ಕಪಕ್ಕದ ಮೇಜಿನವರಿಗೆಲ್ಲ ಕೇಳುವ ಹಾಗೆ ಅಂದರು: “ಏಮಯ್ಯಾ, ಗೋಡೆ ಕಟ್ಟೋನಿಗೂ ಚಿನ್ನದ ಕಾಯಿದೆಗೂ ಏನು ಸಂಬಂಧ? ನಿಮ್ಮಪ್ಪ ಗಾರೆಗೆ ಚಿನ್ನ ಕಲಸ್ತಾನಾ?”

ಎಲ್ಲರೂ ನಕ್ಕರು. ನಾನು ಬಿಡಿಸಿ ಹೇಳಿದೆ.

“ಬಿ.ಎ. ಅಂತ ಬೇರೆ ಹಾಕ್ಕೊಂಡಿದೀಯ. ಹರಳು ಕೂರಿಸೋದು ಅಂತ ಬರೆಯಕ್ಕೆ ಬರಲಿಲ್ವಾ? ಈಗ ಇದು ದಾಖಲಾಗೋಯ್ತು. ಸಾಕ್ಷಿ ಬೇಕು. ನಿಮ್ಮಪ್ಪನ್ನ ಭಾನುವಾರ ನಮ್ಮನೇಗೆ ಕಳ್ಸು. ಕೆಲಸ ಕಣ್ಣಾರೆ ನೋಡಿ ಷರಾ ಬರೀತೀನಿ.”

ತಪ್ಪು ನನ್ನದೇ ಆಗಿತ್ತು.

ಭಾನುವಾರ ಅಪ್ಪನ ಜೊತೆ ನಾನೂ ಹೋದೆ. ಗುಮಾಸ್ತರ ಹೆಂಡತಿ ಕಿವಿಯಿಂದ ಆಗಷ್ಟೇ ಬಿಚ್ಚಿದ ಓಲೆಯನ್ನು ತಂದು ಜಗಲಿಯ ಮೇಲೆ ಇಟ್ಟರು. ಎರಡು ಕಲ್ಲು ಅಲುಗಾಡುತ್ತಿದ್ದವು. ಅಪ್ಪ ಕೊಳೆ ಕೆರೆದರು, ಅರಗು ಕಾಯಿಸಿದರು. ಹರಳು ಎತ್ತುವ ಕಡ್ಡಿಯ ತುದಿಯನ್ನು ನಾಲಗೆಗೆ ತಾಗಿಸಿ ತೇವ ಮಾಡಿಕೊಂಡು, ಕಲ್ಲು ಎತ್ತಿ ಕೂರಿಸಿದರು. ಮತ್ತೆ ನಾಲಗೆಗೆ, ಮತ್ತೆ ಕಲ್ಲಿಗೆ. ಹುಟ್ಟಿದಾಗಿನಿಂದ ನೋಡಿದ್ದೆ, ಏನೂ ಅನಿಸಿರಲಿಲ್ಲ. ಅವತ್ತು ಆ ಮನೆಯವರ ಕಿವಿಯ ಕೊಳೆ ಅಪ್ಪನ ನಾಲಗೆಗೆ ಹೋಗುತ್ತಿದೆ ಅನ್ನಿಸಿತು.

“ಇನ್ನೊಂದು ಮಾಡಿಬಿಡ್ಲಿ, ಸಾಕ್ಷಿ ಗಟ್ಟಿಯಾಗ್ಲಿ” ಎಂದರು ಗುಮಾಸ್ತರು. ಮುಂದಿನ ಭಾನುವಾರ ಅವರ ಅತ್ತೆಯ ಮೂಗುಬೊಟ್ಟು. ಅದರಾಚೆಯ ವಾರ ನಾದಿನಿಯ ಪದಕ. ಆಮೇಲೆ ಪಕ್ಕದ ಮನೆಯವರೂ ಪೊಟ್ಟಣ ಕಟ್ಟಿಕೊಂಡು ಬಂದರು. ಷರಾ ಮಾತ್ರ ಬರಲಿಲ್ಲ.

ವಾಪಸು ಬರುವ ದಾರಿಯಲ್ಲಿ ನಾನು ಕೂಗಾಡಿದೆ. “ಬಿಟ್ಟಿ ಚಾಕರಿ ಮಾಡಿಸ್ಕೊಳ್ತಿದ್ದಾರೆ ಕಣಪ್ಪ. ಗೊತ್ತಾಗಲ್ವಾ ನಿಂಗೆ?”

“ಗೊತ್ತಾಗದೆ ಏನು. ಮಾಡಿಸ್ಕೊಳ್ಳಲಿ ಬಿಡೋ. ಆ ಪದಕದ ನಡುಗಲ್ಲು ನೋಡ್ದಾ? ನಮ್ಮ ಸಾಣೇದು ಕಣೋ ಅದು. ನಾನೇ ತೇದಿದ್ದು.”

ಅಪ್ಪ ಖುಷಿಯಾಗಿದ್ದರು. ಎಷ್ಟೋ ತಿಂಗಳ ಮೇಲೆ ಕೈಗೆ ಕೆಲಸ ಸಿಕ್ಕಿತ್ತು. ಗುಮಾಸ್ತರ ದುರಾಸೆಗಿಂತ ಅಪ್ಪನ ಆ ಖುಷಿಯೇ ನನಗೆ ಹೆಚ್ಚು ಹೇಸಿಗೆ ತಂದಿತು. ಬರೆಯಲು ಕಷ್ಟವಾದರೂ ನಿಜ ಅದು.

ಸೋಮವಾರ ನಾನೊಬ್ಬನೇ ಕಚೇರಿಗೆ ಹೋದೆ. ಗುಮಾಸ್ತರ ಮೇಜಿನ ಮುಂದೆ ನಿಂತು, “ಸ್ವಾಮಿ, ನಿಮ್ಮ ಮನೆ ಒಡವೆ ಮುಗೀತು, ಪಕ್ಕದ ಮನೇದೂ ಆಯ್ತು. ಸಾಕ್ಷಿ ಸಾಕೋ, ಇನ್ನೂ ಬೇಕೋ? ಬೇಕಂದ್ರೆ ಎಲ್ಲದರದ್ದೂ ಪಟ್ಟಿ ಮಾಡಿ ಮೇಲಿನವರಿಗೆ ಕಳಿಸ್ತೀನಿ. ಈ ಸಲ ತಪ್ಪಿಲ್ಲದೆ ಬರೀತೀನಿ” ಎಂದೆ.

ಯಾರೂ ನಗಲಿಲ್ಲ. ಅವರು ತಲೆ ಎತ್ತದೆ ಷರಾ ಬರೆದರು. ಬರೆದು, “ಕಸಬು ಬಿಟ್ಟಿದ್ದೀನಿ, ಇನ್ನು ಹರಳು ಮುಟ್ಟಲ್ಲ ಅಂತ ನಿಮ್ಮಪ್ಪನ ಮುಚ್ಚಳಿಕೆ ಬೇಕು. ಇವತ್ತೇ ತಂದ್ರೆ ಕಾಗದ ಹೋಗ್ತದೆ” ಎಂದರು.

ಅದನ್ನೂ ನಾನೇ ಬರೆದೆ. ಒಂದು ಪದಕ್ಕೂ ಎರಡು ಅರ್ಥ ಬರದ ಹಾಗೆ ಬರೆದು ಅಪ್ಪನಿಗೆ ಓದಿ ಹೇಳಿದೆ.

“ಮುಟ್ಟಲ್ಲ ಅಂತ ಬರೀಲೇಬೇಕೇನೋ?”

“ಬರೀಲೇಬೇಕಂತೆ.”

“ಗುಮಾಸ್ತರ ಹೆಂಡ್ತಿ ಕೊನೇಲಿ ಇನ್ನೊಂದು ಜೊತೆ ಓಲೆ ಕೊಟ್ಟಿದ್ರು, ಅರ್ಧಕ್ಕೆ ಬಿಟ್ಟಿದೀನಿ. ಮೂರು ಕಲ್ಲು ಬಾಕಿ ಐತೆ. ಭಾನುವಾರ ಕೂರಿಸಿಬಂದು ಸಹಿ ಹಾಕ್ತೀನಿ.”

“ಇನ್ನೊಂದು ಸಲ ಆ ಜಗಲಿ ಹತ್ತಿದ್ರೆ ನಾನು ಈ ಮನೇಲಿರಲ್ಲ” ಎಂದೆ.

ಅಪ್ಪ ಸಹಿ ಹಾಕಿದರು. ಹಾಕಿ, ಸೊಂಟದಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. “ಆ ಮೂರು ಕಲ್ಲು. ಕೊಟ್ಟುಬಿಡು. ಇಟ್ಕೊಂಡ್ರು ಅನ್ನಬಾರ್ದು.”

ಮುಂದಿನ ತಿಂಗಳು ಅವರು ಗೌರಿಬಿದನೂರಿನಲ್ಲಿ ಜವಾನರಾಗಿ ಸೇರಿದರು. ನಾನು ನೆಂಟರಿಗೆಲ್ಲ ಹೆಮ್ಮೆಯಿಂದ ಕಾಗದ ಬರೆದೆ. ಆ ಗುಮಾಸ್ತರ ಮೇಲಿನ ಹೇಸಿಗೆ ನನಗೆ ಇಂದಿಗೂ ಇಳಿದಿಲ್ಲ. ಒಂದು ಭಾನುವಾರ ಕೇಳಿದ ಅಪ್ಪನಿಗೆ ಅದನ್ನು ಕೊಡದ ನನ್ನ ಮೇಲೂ ಇಳಿದಿಲ್ಲ. ಮುಚ್ಚಳಿಕೆ ಕೊಟ್ಟ ಸಂಜೆ ಪೊಟ್ಟಣ ಹಿಡಿದು ಆ ಮನೆಗೆ ಹೋದಾಗ, ಗುಮಾಸ್ತರ ಹೆಂಡತಿ ಓಲೆಗಳನ್ನು ಅಂಗೈಯಲ್ಲಿಟ್ಟು ತೋರಿಸಿದರು. ಒಂದು ಓಲೆ ಪೂರ್ತಿಯಾಗಿತ್ತು. ಇನ್ನೊಂದರಲ್ಲಿ ಮೂರು ಗುಳಿಗಳು, ಒಳಗೆ ಕರಿ ಅರಗು.

“ಹಿಂಗೇ ಬಿಟ್ರೆ ನಾನೇನಪ್ಪ ಮಾಡ್ಲಿ? ನಿಮ್ಮಪ್ಪನ ಕೈ ಇನ್ಯಾರಿಗೈತೆ?” ಎಂದರು.

ನಾನು ಕಲ್ಲುಗಳನ್ನು ಎಣಿಸಿ ಕೊಟ್ಟು ಮೆಟ್ಟಿಲಿಳಿದೆ.