ತಾತ ಹೆಣೆದ ಗರಿಯ ಬೂದಿ

ಒಣಗಿದ ತೆಂಗಿನ ಗರಿಗೆ ಬೆಂಕಿ ಹತ್ತಿಕೊಂಡಾಗ ಹೊಗೆಗಿಂತ ಮೊದಲು ಒಂದು ಸಿಹಿ ವಾಸನೆ ಬರುತ್ತದೆ. ಈಗಲೂ ಯಾರದೋ ಹಿತ್ತಿಲಿನಿಂದ ಆ ವಾಸನೆ ಬಂದರೆ ಸಾಕು, ತರಕಾರಿ ಚೀಲ ಹಿಡಿದುಕೊಂಡು ನಡುರಸ್ತೆಯಲ್ಲೇ ನಿಂತುಬಿಡುತ್ತೇನೆ. ನೋಡಿದವರು ಏನಂದುಕೊಳ್ಳುತ್ತಾರೋ ಏನೋ. ನಾನಾಗ ನಂಜನಗೂಡಿನಲ್ಲಿ ಕಪಿಲಾ ನದಿಯ ಕಡೆಗೆ ಇಳಿಯುವ ಬೀದಿಯ ನಮ್ಮ ಹೆಂಚಿನ ಮನೆಯಲ್ಲಿರುತ್ತೇನೆ. ಬಚ್ಚಲಿನ ಹಂಡೆ ಒಲೆ ಉರಿಯುತ್ತಿರುತ್ತದೆ, ಅಜ್ಜಿ ಒಳಗಿನಿಂದ ಯಾರನ್ನೋ ಬೈಯುತ್ತಿರುತ್ತಾಳೆ. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ.

ನಿಮ್ಮ ಮನೆಯಲ್ಲೂ ಹೀಗೇ ಇತ್ತೇನೋ. ನಡುಮನೆಯ ಗೋಡೆಯಲ್ಲಿ ಯೇಸುವಿನ ದೊಡ್ಡ ಪಟ, ಅದರ ಹಿಂದೆ ಸಿಕ್ಕಿಸಿದ ಒಣಗರಿಗಳು. ಈಸ್ಟರಿಗೆ ಹಿಂದಿನ ಗರಿಗಳ ಭಾನುವಾರ ಚರ್ಚಿನಲ್ಲಿ ಕೊಟ್ಟ ಎಳೆಗರಿಗಳನ್ನು ಶಿಲುಬೆಯಾಗಿ ಹೆಣೆದು ಪಟದ ಹಿಂದಿಡುವುದು, ಮುಂದಿನ ವರ್ಷ ತಪಸ್ಸು ಕಾಲದ ನಲವತ್ತು ದಿನದ ಉಪವಾಸಕ್ಕೆ ಮುಂಚೆ ಅವುಗಳಲ್ಲಿ ಒಂದೆರಡನ್ನು ಚರ್ಚಿಗೆ ಹಿಂದಿರುಗಿಸುವುದು. ಅಲ್ಲಿ ಅವನ್ನು ಸುಟ್ಟು, ಉಪವಾಸ ಶುರುವಾಗುವ ಬೂದಿ ಬುಧವಾರ ಅದೇ ಬೂದಿಯಲ್ಲಿ ಫಾದರ್ ನಮ್ಮ ಹಣೆಗೆ ಶಿಲುಬೆ ಬರೆಯುತ್ತಿದ್ದರು. ಬೀದಿಯವರ ಗರಿಗಳನ್ನೆಲ್ಲ ಹೆಣೆದುಕೊಡುತ್ತಿದ್ದವನು ನನ್ನ ತಾತ. ಗಾರೆ ಕೆಲಸದ ಒರಟು ಬೆರಳು, ಆದರೆ ಗರಿ ಹಿಡಿದರೆ ಬೆಣ್ಣೆಯಷ್ಟು ಮೆದು. ತೀರಿಕೊಂಡ ವರ್ಷ ಅವನು ಹೆಣೆದ ಶಿಲುಬೆಯನ್ನು ಅಜ್ಜಿ ಚರ್ಚಿಗೆ ಕೊಡಲೇ ಇಲ್ಲ. ಅವನ ಪಂಚೆಯ ಅಂಚಿನ ಕೆಂಪು ದಾರ ಎಳೆದು ಅದಕ್ಕೆ ಸುತ್ತಿ, ಬೇರೆ ಗರಿಗಳ ಜೊತೆಗೇ ಸಿಕ್ಕಿಸಿಟ್ಟಿದ್ದಳು. ಇದು ಅವಳಿಗೆ ಗೊತ್ತಿತ್ತು, ಅವಳ ಬಾಲದಂತಿದ್ದ ನನಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ.

ಅಂತೋಣಿ ಚಿಕ್ಕಪ್ಪ ಆಗಿನ್ನೂ ಮದುವೆಯಾಗದ ಹುಡುಗ, ಫ್ಯಾಕ್ಟರಿಯಲ್ಲಿ ಕೆಲಸ. ಬಹಳ ಒಳ್ಳೆಯವನು, ಬಹಳ ಹಟಮಾರಿ. ಅಂಗಡಿಯೊಂದರ ಮಹಡಿಯಲ್ಲಿ ನಡೆಯುತ್ತಿದ್ದ ಪ್ರಾರ್ಥನಾ ಕೂಟಕ್ಕೆ ಹೋಗಲು ಶುರುಮಾಡಿದ ಮೇಲೆ ಅವನ ಬಾಯಲ್ಲಿ ಒಂದೇ ಮಾತು: ಇದು ಬೈಬಲ್ಲಿನಲ್ಲಿ ಎಲ್ಲಿದೆ? ಕ್ರಿಸ್‌ಮಸ್ ಡಿಸೆಂಬರಿನಲ್ಲೇ ಅಂತ ಎಲ್ಲಿದೆ, ಪಟಕ್ಕೆ ಮೇಣದಬತ್ತಿ ಹಚ್ಚು ಅಂತ ಎಲ್ಲಿದೆ? ಅಜ್ಜಿಗೆ ಓದು ಬರದು. ಹಾಗಾಗಿ ನಾನೇ ಅವಳ ವಕೀಲೆ. ಶಾಲೆಯಿಂದ ಬಂದವಳೇ ಬೈಬಲ್ ತೊಡೆಯ ಮೇಲಿಟ್ಟುಕೊಂಡು ಹುಡುಕುತ್ತಿದ್ದೆ. ಜನ ಗರಿ ಹಿಡಿದು ಯೇಸುವನ್ನು ಎದುರುಗೊಂಡದ್ದು ಸಿಕ್ಕಿತು, ಕುಣಿದಾಡಿದೆ. ಯೋಬ ಬೂದಿಯಲ್ಲಿ ಕೂತದ್ದೂ ನಿನೆವೆಯ ರಾಜ ಕೂತದ್ದೂ ಸಿಕ್ಕಿತು. ಕೂತರು ಸರಿ, ಹಣೆಗೆ ಬಳಿದುಕೊಂಡರಾ ಎಂದು ಚಿಕ್ಕಪ್ಪ ಕೇಳಿದ. ಗರಿಯನ್ನು ಪಟದ ಹಿಂದಿಡುವುದಂತೂ ಎಷ್ಟು ಹುಡುಕಿದರೂ ಸಿಗಲಿಲ್ಲ.

ಆ ವರ್ಷದ ಬೂದಿ ಬುಧವಾರ ಅಜ್ಜಿ ಹಣೆಯಲ್ಲಿ ಕರಿ ಶಿಲುಬೆ ಹೊತ್ತು ಬಂದಳು. ಪಕ್ಕದ ಮನೆಯ ಗೌರಮ್ಮ, ದಿನಾ ಮೂರು ಬೆರಳು ವಿಭೂತಿ ಧರಿಸುವವರು, ಇವತ್ತು ನೀವೂ ನಮ್ಮವರೇ ಆದ್ರಿ ಎಂದು ನಕ್ಕರು. ಚಿಕ್ಕಪ್ಪನಿಗೆ ಅದೇ ಚುಚ್ಚಿತು. ಉಪವಾಸ ಮಾಡುವಾಗ ಮುಖ ತೊಳೆದುಕೊಳ್ಳಿ ಎಂದು ಯೇಸುವೇ ಹೇಳಿದ್ದಾನೆ, ಇದನ್ನು ತೊಳೆದುಕೋ ಎಂದ. ಅಜ್ಜಿ ಸೊಪ್ಪು ಬಿಡಿಸುತ್ತಲೇ ಹೇಳಿದಳು: “ತೊಳ್ಕಂಡೇ ಓಗಿದ್ದೆ ಕಣ್ಲಾ. ಆಮ್ಯಾಕೆ ಬಳುದ್ರು, ನಾನೇನ್ ಮಾಡ್ಲಿ?” ನಾನು ನಕ್ಕೆ. ಅವನೂ ನಕ್ಕ, ಆದರೆ ಪಟ್ಟು ಬಿಡಲಿಲ್ಲ.

ಮುಂದಿನ ಶನಿವಾರ ಅಜ್ಜಿ ತಿ. ನರಸೀಪುರದ ತವರಿಗೆ ಹೋಗಿದ್ದಳು. ಚಿಕ್ಕಪ್ಪ ಸ್ಟೂಲ್ ತಂದು, ಪಟದ ಹಿಂದಿನ ಕಸವನ್ನೆಲ್ಲ ತೆಗೆದುಕೊಡು ಎಂದ. ನಾನು ಹತ್ತಿದೆ. ಕೆಂಪು ದಾರ ಕಣ್ಣಿಗೆ ಬಿತ್ತು. ಹೇಳಬಹುದಿತ್ತು. ಆದರೆ ಆ ಬೆಳಗ್ಗೆ ಬೈಬಲ್ಲಿನ ಒಂದು ವಾಕ್ಯವನ್ನು ತಡವರಿಸದೆ ಓದಿದ್ದಕ್ಕೆ ಅವನು ನನ್ನನ್ನು ಜಾಣೆ ಎಂದಿದ್ದ, ಮನೆಯಲ್ಲಿ ಓದು ಬಂದವಳು ನೀನೊಬ್ಬಳೇ ಎಂದಿದ್ದ. ಆ ಹೊಗಳಿಕೆ ಇನ್ನೂ ಬಾಯಲ್ಲಿ ಸಿಹಿಯಾಗಿತ್ತು. ಎಲ್ಲವನ್ನೂ ಒಟ್ಟಿಗೆ ಅವನ ಕೈಗೆ ಕೊಟ್ಟೆ. ಅವನು ನೋಡದೆ ಹಂಡೆ ಒಲೆಗೆ ತುರುಕಿದ.

ಅಜ್ಜಿ ಸಂಜೆ ಬಂದಳು. ಚೀಲ ಇಳಿಸುವ ಮೊದಲೇ ಪಟ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅಳುತ್ತಾ ಎಲ್ಲ ಹೇಳಿಬಿಟ್ಟೆ. ಅವಳು ಹೊಡೆಯಲಿಲ್ಲ, ಬೈಯಲೂ ಇಲ್ಲ. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು, ಆರಿದ ಬೂದಿಯನ್ನು ಒಂದು ಪೌಡರ್ ಡಬ್ಬಿಗೆ ತುಂಬಿಕೊಂಡಳು. “ಅಂತೋಣಿಗೆ ಏಳ್ಬ್ಯಾಡ ಕಣವ್ವ. ಮಗ ತಡ್ಕಳಾಕಿಲ್ಲ” ಎಂದಳು. ಆ ರಾತ್ರಿ ಮುದ್ದೆ ತಿರುವಿ, ಮೊದಲ ಮುದ್ದೆಯನ್ನು ಅವನ ತಟ್ಟೆಗೇ ಹಾಕಿದಳು.

ಅವಳು ಬದುಕಿರುವವರೆಗೂ ನಾನು ಹೇಳಲಿಲ್ಲ. ಅವಳು ಹೋದ ದಿನ ನನಗೂ ತಲೆ ನರೆಯಲು ಶುರುವಾಗಿತ್ತು. ಹೆಣ ನಡುಮನೆಯಲ್ಲಿತ್ತು. ಚಿಕ್ಕಪ್ಪ ತನ್ನ ಕೂಟದವರ ಜೊತೆ ಒಂದು ಮೂಲೆಯಲ್ಲಿ, ನಮ್ಮ ಚರ್ಚಿನವರು ಇನ್ನೊಂದು ಮೂಲೆಯಲ್ಲಿ. ಅವಳ ಟ್ರಂಕಿನಲ್ಲಿ ಸೀರೆ ಹುಡುಕುವಾಗ ಆ ಡಬ್ಬಿ ಕೈಗೆ ಬಂತು. ಇನ್ನು ನನ್ನಿಂದ ಆಗಲಿಲ್ಲ. ಅವನನ್ನು ಹಿತ್ತಿಲಿಗೆ ಕರೆದು ಹೇಳಿದೆ: ಅವತ್ತು ನೀನು ಒಲೆಗೆ ಹಾಕಿದ್ದರಲ್ಲಿ ತಾತ ಹೆಣೆದ ಗರಿಯೂ ಇತ್ತು, ಇದು ಅದರ ಬೂದಿ, ಗೊತ್ತಿದ್ದೂ ಕೊಟ್ಟವಳು ನಾನು.

ಚಿಕ್ಕಪ್ಪ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡ. ಆಮೇಲೆ ಮುಚ್ಚಳ ತೆಗೆದು ಕೇಳಿದ: “ಇದರಲ್ಲಿ ಅಪ್ಪಂದು ಯಾವ್ದು, ಸೌದೇದು ಯಾವ್ದು?” ಅವನು ಒಳಗೆ ಹೋಗಿ, ಎಲ್ಲರ ಎದುರಿಗೇ ಅಜ್ಜಿಯ ಹಣೆಗೆ ಶಿಲುಬೆ ಬರೆದ. ಬೆರಳಿಗೆ ಅಂಟಿದ್ದನ್ನು ತನ್ನ ಹಣೆಗೆ ಒತ್ತಿಕೊಂಡ.

ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಹಿತ್ತಿಲಲ್ಲಿ ಕೈಕಾಲು ಮುಖ ತೊಳೆದು ಒಳಗೆ ಹೋದರು. ನಾನು ಚೆಂಬಿನಲ್ಲಿ ನೀರು ಹಿಡಿದು ಚಿಕ್ಕಪ್ಪನ ಮುಂದೆ ನಿಂತೆ, ಮುಖ ತೊಳ್ಕೋ ಚಿಕ್ಕಪ್ಪ ಎಂದೆ.

ಅವನು ಕಾಲು ಮಾತ್ರ ತೊಳೆದುಕೊಂಡ. “ಮುಖ ಇರ್ಲಿ ಬುಡವ್ವ” ಎಂದ.